ಮಾಡಿದವರೊಬ್ಬರು, ಉಣ್ಣುವವರು ಇನ್ನೊಬ್ಬರು: ಹವಾಮಾನ ನ್ಯಾಯದ ವಿಚಾರ

ಹವಾಮಾನ ನ್ಯಾಯದ ಪ್ರಶ್ನೆ ಹುಟ್ಟಿಕೊಳ್ಳುವುದು 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ಸುಳ್ಳಾಗುವ ಜಾಗದಲ್ಲಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ಅನುಕೂಲ ಪಡೆದವರು ಒಬ್ಬರು. ಅದರಿಂದ ಕಾವೇರಿದ ಭೂಮಿಯ ಬರ, ನೆರೆ, ಸೆಕೆಯನ್ನು ತಾಳಿಕೊಳ್ಳುವವರು ಇನ್ನೊಬ್ಬರು. ಹೀಗೆ ಬಿಟ್ಟ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಗಣನೀಯ ಪಾಲು ನೂರಾರು ವರ್ಷ ವಾತಾವರಣದಲ್ಲೇ ಉಳಿಯುವುದರಿಂದ, ಮಾಡಿದವರು ತೀರಿಹೋದ ಮೇಲೂ ಉಣ್ಣುವವರು ಹುಟ್ಟುತ್ತಲೇ ಇರುತ್ತಾರೆ.

ಭಾರತೀಯ ದರ್ಶನಗಳಲ್ಲಿ ಈ ಸ್ಥಿತಿಗೆ ಎರಡು ಹೆಸರುಗಳಿವೆ. ಮಾಡಿದ ಕರ್ಮ ಮಾಡಿದವನಿಗೆ ಫಲ ಕೊಡದೆ ಹೋಗುವುದು ಕೃತನಾಶ. ಮಾಡದ ಕರ್ಮದ ಫಲ ಬೇರೊಬ್ಬನ ಮೇಲೆ ಬಂದೆರಗುವುದು ಅಕೃತಾಭ್ಯಾಗಮ. ಎಲ್ಲವೂ ಕ್ಷಣಕ್ಷಣಕ್ಕೂ ಅಳಿಯುತ್ತದೆ ಎನ್ನುವ ಬೌದ್ಧರ ಕ್ಷಣಿಕವಾದವನ್ನು ಖಂಡಿಸುವಾಗ ವೈದಿಕ ಮತ್ತು ಜೈನ ದಾರ್ಶನಿಕರು ಇವೆರಡನ್ನೂ ಅಸ್ತ್ರವಾಗಿ ಬಳಸಿದರು. ಒಂದು ಸಿದ್ಧಾಂತವನ್ನು ಒಪ್ಪಿದರೆ ಈ ದೋಷಗಳು ತಲೆದೋರುತ್ತವೆ ಎಂದು ತೋರಿಸಿದರೆ ಸಾಕು, ಆ ಸಿದ್ಧಾಂತ ಬಿದ್ದಂತೆಯೇ ಎಂಬುದು ಅವರ ವಾದ. ಜಗತ್ತು ಇಷ್ಟು ಅನ್ಯಾಯವಾಗಿರಲಾರದು ಎಂಬ ನಂಬಿಕೆ ಅದರ ಹಿಂದಿತ್ತು. ತರ್ಕದಲ್ಲಿ ಅಸಾಧ್ಯವೆಂದು ತಳ್ಳಿಹಾಕಿದ್ದ ಈ ಎರಡೂ ದೋಷಗಳು ಹವಾಮಾನ ಬದಲಾವಣೆಯಲ್ಲಿ ಅಳೆದು ತೋರಿಸಬಹುದಾದ ಸಂಗತಿಗಳಾಗಿವೆ. ಈವರೆಗಿನ ಒಟ್ಟು ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಭಾರತದ್ದು ಶೇ 3ರ ಆಸುಪಾಸು. ಇಂದಿನ ತಲಾವಾರು ಲೆಕ್ಕದಲ್ಲಿಯೂ ಭಾರತೀಯರ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವರದು ಅದರ ಆರೇಳು ಪಟ್ಟು.

ಕರ್ಮಸಿದ್ಧಾಂತವನ್ನು ಇಲ್ಲಿ ತಿರುಗಿಸಿ ಬಳಸುವ ಅಪಾಯವೂ ಇದೆ. ನೆರೆಯಲ್ಲಿ ಮನೆ ಕಳೆದುಕೊಂಡವರದು ಪೂರ್ವಜನ್ಮದ ಫಲ ಎಂದುಬಿಟ್ಟರೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲ. ಆದರೆ ಕಾಣದ ಕಾರಣವನ್ನು ಊಹಿಸಬೇಕಾದುದು ಕಾಣುವ ಕಾರಣ ಸಿಗದಿದ್ದಾಗ ಮಾತ್ರ. ಯಾವ ದೇಶ ಎಷ್ಟು ಕಲ್ಲಿದ್ದಲು ಸುಟ್ಟಿತು ಎಂಬ ಲೆಕ್ಕಪುಸ್ತಕ ಕಣ್ಣೆದುರಿಗಿರುವಾಗ ಹಿಂದಿನ ಜನ್ಮವನ್ನು ಸಾಕ್ಷಿಗೆ ಕರೆಯುವ ಅಗತ್ಯವಿಲ್ಲ. ಕರ್ಮನಿಯಮ ತಾನಾಗಿ ಮಾಡುತ್ತದೆ ಎಂದುಕೊಂಡಿದ್ದ ಕೆಲಸವನ್ನು ಇಲ್ಲಿ ಮನುಷ್ಯರ ಕಾನೂನೇ ಮಾಡಬೇಕಾಗಿದೆ.

ಭಾರತದಲ್ಲಿ ಅಂಥ ಕಾನೂನು ಒಂದೇ ಕಡೆ ಸಿಗುವುದಿಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 48ಎ ಮತ್ತು 51ಎ ವಿಧಿಗಳನ್ನು ಸೇರಿಸಿ, ಪರಿಸರ ರಕ್ಷಣೆಯನ್ನು ಸರ್ಕಾರದ ಧ್ಯೇಯವಾಗಿಯೂ ನಾಗರಿಕರ ಕರ್ತವ್ಯವಾಗಿಯೂ ಹೇಳಿತು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇವೆಲ್ಲ ಮಾಲಿನ್ಯವನ್ನು ಕುರಿತವು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಇಂಗಾಲದ ವ್ಯಾಪಾರಕ್ಕೆ ದಾರಿ ತೆರೆಯಿತು. ಅಂದರೆ ಹವಾಮಾನದ ಬಗ್ಗೆ ಸಂಸತ್ತು ಮಾಡಿದ ಮುಖ್ಯ ಬದಲಾವಣೆ ಮಾರುಕಟ್ಟೆಗೆ ಸೇರಿದ್ದು. ಸಮಗ್ರ ಹವಾಮಾನ ಕಾನೂನು ಬೇಕೆಂಬ ಪ್ರಸ್ತಾಪಗಳು ಖಾಸಗಿ ಸದಸ್ಯರ ಮಸೂದೆಗಳಾಗಿ ಬಂದವು, ಕಾನೂನಾಗಲಿಲ್ಲ. 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂಬ ಗುರಿಯನ್ನು 2021ರಲ್ಲಿ ಗ್ಲಾಸ್ಗೊದ ಹವಾಮಾನ ಶೃಂಗಸಭೆಯಲ್ಲಿ ಪ್ರಧಾನಿ ಪ್ರಕಟಿಸಿದರು. ಅದಕ್ಕೂ ಶಾಸನದ ಬಲವಿಲ್ಲ.

ಈ ಖಾಲಿ ಜಾಗಕ್ಕೆ ಮೊದಲು ಕೈಹಾಕಿದ್ದು ನ್ಯಾಯಾಲಯ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಉಳಿವಿಗೂ ಸೌರವಿದ್ಯುತ್ತಿನ ತಂತಿಗಳಿಗೂ ನಡುವೆ ಎದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಎಂದಿತು. 21ನೇ ವಿಧಿ ಬದುಕುವ ಹಕ್ಕಿನದು, ಅದು ನಿರೀಕ್ಷಿತವೇ. ಹೆಚ್ಚು ಗಮನಿಸಬೇಕಾದುದು ಸಮಾನತೆಯ 14ನೇ ವಿಧಿ. ಒಂದೇ ಬಿಸಿಲು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದನ್ನು ಕೋರ್ಟ್ ಅದರಿಂದ ಒಪ್ಪಿಕೊಂಡಂತಾಯಿತು. 2015ರ ಪ್ಯಾರಿಸ್ ಒಪ್ಪಂದ ಇಷ್ಟು ಧೈರ್ಯ ತೋರಿರಲಿಲ್ಲ. ಅಲ್ಲಿ ಹವಾಮಾನ ನ್ಯಾಯದ ಹೆಸರು ಪೀಠಿಕೆಯಲ್ಲಷ್ಟೇ ಬರುತ್ತದೆ, ಅದೂ 'ಕೆಲವರಿಗೆ' ಮುಖ್ಯವಾದ ಕಲ್ಪನೆ ಎಂಬ ಅಂಜಿಕೆಯ ಮಾತಿನೊಂದಿಗೆ.

ಹಳೆಯ ಹೊರಸೂಸುವಿಕೆಗೆ ಇಂದಿನವರು ಏಕೆ ಹೊಣೆಯಾಗಬೇಕು, ಇನ್ನೂ ಹುಟ್ಟದವರಿಗೆ ಇಂದೇ ಹಕ್ಕು ಹೇಗೆ ಬರುತ್ತದೆ ಎಂಬುದು ಹವಾಮಾನ ಕಾನೂನಿನ ಚರ್ಚೆಯಲ್ಲಿ ಪದೇಪದೇ ಏಳುವ ಆಕ್ಷೇಪ. ಇದೇ ಪ್ರಶ್ನೆಯನ್ನು ಕನ್ನಡನಾಡಿನಲ್ಲಿ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ, ಆಸ್ತಿಯ ವಿಷಯದಲ್ಲಿ, ಒಬ್ಬ ಪಂಡಿತ ಕೂಲಂಕಷವಾಗಿ ಬಿಡಿಸಿದ್ದಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಬಂಗಾಳದಲ್ಲಿ ನಡೆದುಬಂದ ಜೀಮೂತವಾಹನನ ದಾಯಭಾಗದ ಪ್ರಕಾರ ತಂದೆ ಬದುಕಿರುವವರೆಗೆ ಆಸ್ತಿಯಲ್ಲಿ ಮಗನಿಗೆ ಹಕ್ಕಿಲ್ಲ. ವಿಜ್ಞಾನೇಶ್ವರನ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ; ತಂದೆ ಅದರ ಪಾಲುದಾರನೂ ಮೇಲ್ವಿಚಾರಕನೂ ಹೌದು, ಏಕೈಕ ಒಡೆಯನಲ್ಲ. ಸ್ಥಿರಾಸ್ತಿಯನ್ನು ಅವನು ಮನಬಂದಂತೆ ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಹುಟ್ಟಿದವರಿಗೆ, ಗರ್ಭದಲ್ಲಿರುವವರಿಗೆ, ಇನ್ನೂ ಗರ್ಭಕ್ಕೇ ಬಾರದವರಿಗೆ ಜೀವನಾಧಾರ ಬೇಕಲ್ಲ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಆಪತ್ಕಾಲ, ಕುಟುಂಬದ ಅಗತ್ಯ, ಧರ್ಮಕಾರ್ಯಗಳಿಗೆ ವಿನಾಯಿತಿ ಇದೆ.

ಈ ಚೌಕಟ್ಟಿನಲ್ಲಿ ವಾತಾವರಣವನ್ನು ಪಿತ್ರಾರ್ಜಿತವೆಂದು ಎಣಿಸಿದರೆ ವಾದ ತಾನಾಗಿ ನಡೆಯುತ್ತದೆ. ಈಗಿನ ತಲೆಮಾರು ಬರಗಾಲದಲ್ಲಿ ಅಡಮಾನ ಮಾಡಬಹುದು, ಐಷಾರಾಮಕ್ಕೆ ಮಾಡುವಂತಿಲ್ಲ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಇದಕ್ಕೆ ತೀರ ಹತ್ತಿರದ ಮಾತನ್ನೇ ಹೇಳಿತು. ಅಲ್ಲಿನ 2019ರ ಹವಾಮಾನ ಕಾನೂನು ಹೊರಸೂಸುವಿಕೆ ತಗ್ಗಿಸುವ ಭಾರವನ್ನು 2030ರ ನಂತರದವರ ತಲೆಗೆ ಕಟ್ಟುತ್ತಿದೆ, ಆದ್ದರಿಂದ ಅದು ಭಾಗಶಃ ಅಸಾಂವಿಧಾನಿಕ ಎಂದು ತೀರ್ಪಾಯಿತು. ಕಾನೂನಿಗೆ ಅದೇ ವರ್ಷ ತಿದ್ದುಪಡಿ ಬಂದು, ಹಸಿರುಮನೆ ಅನಿಲ ತಟಸ್ಥತೆಯ ಗಡುವು 2050ರಿಂದ 2045ಕ್ಕೆ ಹಿಂದೆ ಬಂತು.

ಆಸ್ತಿಯ ಜತೆಗೆ ಸಾಲವೂ ಬರುತ್ತದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ಧರ್ಮಶಾಸ್ತ್ರ ಹೇಳಿತು. ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲಗಳನ್ನು ಹೊರಗಿಟ್ಟಿತು. ಶ್ರೀಮಂತ ದೇಶಗಳ ಪರವಾಗಿ ಕೇಳಿಬರುವ 'ಅಜ್ಜಂದಿರಿಗೆ ಗೊತ್ತಿರಲಿಲ್ಲ' ಎಂಬ ಸಮಜಾಯಿಷಿಯನ್ನು ಇದರ ಎದುರಿಗಿಟ್ಟು ನೋಡಬಹುದು. ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಅವನು ಕಟ್ಟಿಸಿದ ಮನೆಯಲ್ಲಿ ಮೊಮ್ಮಗ ಇಂದಿಗೂ ವಾಸವಾಗಿದ್ದಾನೆ. ಆಸ್ತಿಯನ್ನು ಇಟ್ಟುಕೊಂಡು ಸಾಲವನ್ನಷ್ಟೇ ಬೇಡವೆನ್ನುವ ವಾದ ಪಂಚಾಯಿತಿ ಕಟ್ಟೆಯ ಮೇಲೂ ನಿಲ್ಲುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಧರ್ಮದ ಕಾರಣಕ್ಕೆ ತಂದೆಯ ಸಾಲಕ್ಕೆ ಮಗನನ್ನು ಹೊಣೆ ಮಾಡುವುದನ್ನು ತೆಗೆದುಹಾಕಿತು, ನಿಜ. ಆದರೆ ತಿದ್ದುಪಡಿಗೆ ಮುಂಚೆ ಮಾಡಿದ ಸಾಲಗಳ ಮೇಲೆ ಸಾಲ ಕೊಟ್ಟವರ ಹಕ್ಕನ್ನು ಅದು ಮುಟ್ಟಲಿಲ್ಲ.

ಮಿತಾಕ್ಷರಾದ ಮಿತಿಯನ್ನೂ ಹೇಳಬೇಕು. ಅದು ವಾರಸುದಾರರ ನಡುವಿನ ನ್ಯಾಯ. ಹೆಣ್ಣುಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕು ಇರಲಿಲ್ಲ. ಕರ್ನಾಟಕದಲ್ಲಿ ಅದು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಆಸ್ತಿಯೇ ಇಲ್ಲದವರಿಗಂತೂ ಆ ಗ್ರಂಥದಲ್ಲಿ ಹೇಳಿಕೊಳ್ಳುವಂಥ ಜಾಗವಿಲ್ಲ. ಜರ್ಮನಿಯ ಮೊಕದ್ದಮೆಯಲ್ಲೂ ಹೀಗೇ ಆಯಿತು. ಬಾಂಗ್ಲಾದೇಶ ಮತ್ತು ನೇಪಾಳದಿಂದಲೂ ಅರ್ಜಿದಾರರಿದ್ದರು. ಪರಿಹಾರ ಸಿಕ್ಕಿದ್ದು ಜರ್ಮನಿಯ ಎಳೆಯರಿಗೆ. ತಲೆಮಾರುಗಳ ನಡುವಿನ ನ್ಯಾಯ ಎಷ್ಟೇ ಚೊಕ್ಕವಾಗಿದ್ದರೂ ಮನೆಯ ಹೊರಗೆ ನಿಂತವರನ್ನು ಅದು ಕಾಣದೇ ಹೋಗಬಹುದು.

ಹಾಗೆ ಹೊರಗೆ ನಿಂತವರ ವಿಷಯಕ್ಕೆ ಬೆಂಗಳೂರಿನ ಪಶ್ಚಿಮದ ನಾಯಂಡಹಳ್ಳಿ ಒಳ್ಳೆಯ ಉದಾಹರಣೆ. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಜಾಗಕ್ಕೆ 2021ರಿಂದ ಮೆಟ್ರೊ ನಿಲ್ದಾಣವೂ ಇದೆ. ಪಕ್ಕದಲ್ಲಿ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಈ ನದಿ ಹುಟ್ಟುತ್ತದೆ ಎಂಬುದು ಭಕ್ತರ ನಂಬಿಕೆ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಮೂಲದಲ್ಲಿ ನಂದಿ, ದಡದಲ್ಲಿ ಹನುಮಂತ. ನಡುವೆ ಹರಿಯುವುದು ನಗರದ ಕೊಳಚೆ. ಪಾವಿತ್ರ್ಯ ಗುಡಿಗಳನ್ನು ಉಳಿಸಿತು, ನೀರನ್ನು ಉಳಿಸಲಿಲ್ಲ. ಬೈರಮಂಗಲದ ರೈತರು ಬತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಹೊರಳಿದ್ದು ಈ ನೀರಿನಿಂದಾಗಿ. ಮೇಲಿನವರು ಬಳಸಿ ಬಿಟ್ಟದ್ದನ್ನು ಕೆಳಗಿನವರು ಉಣ್ಣುವ ಹವಾಮಾನದ ಅನ್ಯಾಯ ಇಲ್ಲಿ ಹತ್ತಾರು ಕಿಲೋಮೀಟರುಗಳೊಳಗೇ ಕಾಣಸಿಗುತ್ತದೆ.

ಜೋರು ಮಳೆ ಬಿದ್ದ ವರ್ಷಗಳಲ್ಲಿ ಮೈಸೂರು ರಸ್ತೆಯ ಮೇಲೆ ನೀರು ನಿಂತು ಗಾಳಿ ಆಂಜನೇಯನ ಗುಡಿಯ ಒಳಕ್ಕೂ ನುಗ್ಗಿದ್ದುಂಟು. ಇದನ್ನೆಲ್ಲ ಹವಾಮಾನದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಮಳೆ ಬಿರುಸಾಗುತ್ತದೆ, ಅದು ಭೌತಶಾಸ್ತ್ರ. ಆ ಮಳೆಗೆ ಹೋಗಲು ದಾರಿ ಇಲ್ಲದಂತೆ ರಾಜಕಾಲುವೆ ಒತ್ತಿ, ಕೆರೆ ಮುಚ್ಚಿ, ಕಾಂಕ್ರೀಟು ಹಾಸಿದ್ದು ಊರಿನವರೇ. 'ಹವಾಮಾನ ಬದಲಾವಣೆ' ಎಂಬ ಮಾತು ಸ್ಥಳೀಯ ತಪ್ಪಿಗೆ ಅಡಗುದಾಣವಾಗಬಾರದು. ನ್ಯಾಯದ ಲೆಕ್ಕದಲ್ಲಿ ವಾಷಿಂಗ್ಟನ್ನಿನ ಪಾಲೂ ಬೇರೆಯಾಗಿ ನಮೂದಾಗಬೇಕು, ಬೆಂಗಳೂರಿನ ಪಾಲೂ ಬೇರೆಯಾಗಿ ನಮೂದಾಗಬೇಕು.

ನಾಯಂಡಹಳ್ಳಿಯ ಇನ್ನೊಂದು ಗುರುತು ಗುಜರಿ. ನಗರದ ಪ್ಲಾಸ್ಟಿಕ್ ತ್ಯಾಜ್ಯ ಬಂದು ಸೇರುವ ದೊಡ್ಡ ಕೇಂದ್ರಗಳಲ್ಲಿ ಇದೊಂದು. ಚಿಂದಿ ಆಯುವವರಿಂದ ಸಣ್ಣ ಗುಜರಿ ಅಂಗಡಿಗೆ, ಅಲ್ಲಿಂದ ಇಲ್ಲಿನ ಗೋಡೌನುಗಳಿಗೆ ಮಾಲು ಬರುತ್ತದೆ. ಬಾಟಲಿ, ಕವರು, ಬಕೆಟ್ಟು, ಪೈಪು ಎಂದು ಬಗೆಬಗೆಯಾಗಿ ವಿಂಗಡಿಸಿ, ಪುಡಿ ಮಾಡಿ, ತೊಳೆದು, ಕರಗಿಸಿ, ಮತ್ತೆ ವಸ್ತುವಾಗಬಲ್ಲ ಕಾಳಾಗಿಸುತ್ತಾರೆ. ಪ್ಲಾಸ್ಟಿಕ್ ಹುಟ್ಟುವುದು ಕಚ್ಚಾತೈಲ ಮತ್ತು ಅನಿಲದಿಂದ. ಹಳೆಯದನ್ನೇ ಮತ್ತೆ ಬಳಸಿದಷ್ಟೂ ಹೊಸ ತೈಲ ಉಳಿಯುತ್ತದೆ, ಸುಡುವ ಕಸ ಕಡಿಮೆಯಾಗುತ್ತದೆ. ಅಂದರೆ ಶೀಟಿನ ಸೂರಿನಡಿ, ಬೇಸಿಗೆಯ ಕಾವಿನಲ್ಲಿ ಕೂತು ವಿಂಗಡಿಸುವ ಹೆಂಗಸು ಇಂಗಾಲ ತಗ್ಗಿಸುವ ಕೆಲಸವನ್ನೇ ಮಾಡುತ್ತಿದ್ದಾಳೆ. ಅವಳ ಸ್ವಂತ ಹೊರಸೂಸುವಿಕೆ ನಗರದಲ್ಲೇ ಅತ್ಯಲ್ಪ. ಆದರೂ ಅಕ್ಕಪಕ್ಕದವರ ಕಣ್ಣಿಗೆ ಆ ಗೋಡೌನುಗಳೇ ಕೊಳಕಿನ ಮೂಲ. ಕರಗಿಸುವ ಹೊಗೆ, ಬೆಂಕಿ ಬೀಳುವ ಭಯ, ತೊಳೆದ ನೀರು ಚರಂಡಿಗೆ ಹೋಗುವುದು ಇವು ಸುಳ್ಳಲ್ಲ. ಆದರೆ ಒಳಗಿನ ಸ್ಥಿತಿಯನ್ನು ಸರಿಪಡಿಸುವುದು ಬೇರೆ, ಜಾಗ ಖಾಲಿ ಮಾಡಿಸುವುದು ಬೇರೆ. 2016ರ ಘನತ್ಯಾಜ್ಯ ನಿಯಮಗಳು ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ತರಬೇಕೆಂದವು. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಗಳ ಶ್ರಮದಿಂದ ಪಾಲಿಕೆಯ ಗುರುತಿನ ಚೀಟಿ ಅದಕ್ಕೂ ಮುಂಚೆಯೇ ಸಿಕ್ಕಿತ್ತು. ಚೀಟಿ ಸಿಕ್ಕರೆ ಹೆಸರು ಸಿಕ್ಕಂತೆ. ಕೂಲಿ, ನೆರಳು, ವೈದ್ಯಕೀಯ ಸಿಕ್ಕಂತಲ್ಲ.

ಇಂಥ ಶ್ರಮವನ್ನು ತೂಗಲು ಹನ್ನೆರಡನೆಯ ಶತಮಾನದ ಶರಣರ ಕಾಯಕ ಮತ್ತು ದಾಸೋಹದ ತತ್ವ ಮಿತಾಕ್ಷರಾಕ್ಕಿಂತ ಹೆಚ್ಚು ಒದಗುತ್ತದೆ. ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನ ನಂತರದ ಕೆಲವೇ ದಶಕಗಳಲ್ಲಿ, ಮನುಷ್ಯನ ಯೋಗ್ಯತೆಯನ್ನು ಆಸ್ತಿಯಿಂದಲ್ಲ, ದುಡಿಮೆಯಿಂದ ಅಳೆಯುವ ಮಾತು ಹುಟ್ಟಿತು. ಚಮ್ಮಾರ, ಅಗಸ, ಅಂಬಿಗ ಎಲ್ಲರ ಕೆಲಸವೂ ಪೂಜೆಗೆ ಸಮ. ದುಡಿದದ್ದರಲ್ಲಿ ಅಗತ್ಯ ಮೀರಿದ್ದು ಸಮಾಜದ್ದು. ದಾನ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಈ ಅಳತೆಯಲ್ಲಿ ನೋಡಿದರೆ, ಹವಾಮಾನದ ಪೆಟ್ಟು ತಿಂದ ಬಡ ದೇಶಗಳಿಗೆಂದು 2022ರಲ್ಲಿ ಒಪ್ಪಿಗೆಯಾದ 'ನಷ್ಟ ಮತ್ತು ಹಾನಿ' ನಿಧಿಗೆ ಶ್ರೀಮಂತ ದೇಶಗಳು ಕೊಡುವ ಹಣ ದಾನವಾಗಿಯೇ ಉಳಿದಿದೆ. ಹೊಣೆಗಾರಿಕೆ, ಪರಿಹಾರ ಎಂಬ ಮಾತು ಬಾರದಂತೆ ಅವು ಎಚ್ಚರ ವಹಿಸಿವೆ.

ಹಸಿರು ಯೋಜನೆಗಳೂ ಇದೇ ತಕ್ಕಡಿಗೆ ಬರಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿತು. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕದ್ದೇ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಆ ಹಣದಲ್ಲಿ ಪಾಲಿರಲಿಲ್ಲ. ಇಂಗಾಲದ ಲೆಕ್ಕದಲ್ಲಿ ಪಾವಗಡ ಗೆಲುವು, ನ್ಯಾಯದ ಲೆಕ್ಕದಲ್ಲಿ ಅರ್ಧ ಗೆಲುವು.

ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ, ಭಾರತ ಹವಾಮಾನ ಕಾನೂನು ಮಾಡುವುದಾದರೆ ಗುರಿಯ ಇಸವಿಗಿಂತ ಮೊದಲು ಬರೆಯಬೇಕಾದುದು ಹವಾಮಾನ ನ್ಯಾಯದ ವ್ಯಾಖ್ಯೆ. ಲಾಭ ಪಡೆದವರೇ ಭಾರವನ್ನೂ ಹೊರಬೇಕೆಂಬ ನಿಯಮ ಅದರಲ್ಲಿರಬೇಕು, ದೇಶಗಳ ನಡುವೆ ಹೇಗೋ ದೇಶದ ಒಳಗೂ ಹಾಗೆಯೇ. ಹೊರದೇಶಗಳ ಮುಂದೆ ತಲಾವಾರು ಲೆಕ್ಕ ಹಿಡಿದು ನ್ಯಾಯ ಕೇಳುವ ಸರ್ಕಾರ, ಅದೇ ಲೆಕ್ಕವನ್ನು ಮನೆಯೊಳಗೆ ಹಾಕದಿದ್ದರೆ ಕೇಳಿದ್ದು ನ್ಯಾಯವಲ್ಲ, ರಿಯಾಯಿತಿ. ಹುಟ್ಟದವರ ಪಾಲನ್ನು ಕಾಯಲು ಸರ್ಕಾರದ ಹಂಗಿಲ್ಲದ ಒಂದು ಮಂಡಳಿ ಬೇಕು. ಪಹಣಿ, ಪರವಾನಗಿ ಯಾವುದೂ ಇಲ್ಲದವರು ಪರಿಹಾರ ಕೇಳಲು ಒಂದು ಬಾಗಿಲೂ ಬೇಕು. ಸದ್ಯ ಹವಾಮಾನದ ಹಾನಿಗೆಂದೇ ಅಂಥ ಬಾಗಿಲು ಇಲ್ಲ. ನಾಯಂಡಹಳ್ಳಿಯ ಗೋಡೌನಿನಲ್ಲಿ ಬಿಸಿಲಿಗೆ ಕುಸಿದ ಕೆಲಸಗಾರ್ತಿಗೆ 2024ರ ತೀರ್ಪು ಒಂದು ಹಕ್ಕನ್ನು ಕೊಟ್ಟಿದೆ. ಅದನ್ನು ಜಾರಿ ಮಾಡಲೆಂದೇ ಒಂದು ಕಾನೂನನ್ನು ಸಂಸತ್ತು ಇನ್ನೂ ಮಾಡಿಲ್ಲ.