ಗೆಳೆಯನ ಚೈನು ಸಡಿಲವಾಗಿದೆ: ಹೇಳಬೇಕೇ, ಬೇಡವೇ?



"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ" ಎಂಬ ಗಾದೆ ನಮಗೆಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ನಮ್ಮಲ್ಲಿ ಅನೇಕರು ಇದ್ದದ್ದನ್ನು ಹೇಳುವ ಗೋಜಿಗೇ ಹೋಗುವುದಿಲ್ಲ. ನೆರೆಯವನ ತಪ್ಪು ಕಣ್ಣಿಗೆ ಬೀಳುತ್ತದೆ. "ನಮಗೇಕೆ ಊರ ಉಸಾಬರಿ" ಎಂದುಕೊಂಡು ಮುಂದೆ ಹೋಗುತ್ತೇವೆ. ಇನ್ನು ಕೆಲವರು ಹೇಳುತ್ತಾರೆ, ಆದರೆ ಹೇಳುವ ರೀತಿಗೆ ಕೇಳಿದವನು ವರ್ಷಗಟ್ಟಲೆ ಮಾತು ಬಿಡುತ್ತಾನೆ. ಸುಮ್ಮನಿದ್ದು ಒಬ್ಬನನ್ನು ಅಪಾಯಕ್ಕೆ ಬಿಡುವುದು ಸರಿಯೇ? ಹೇಳಿ ಅವನ ಮನಸ್ಸನ್ನು ಮುರಿಯುವುದು ಸರಿಯೇ? ಇವೆರಡರ ನಡುವೆ ಮತ್ತೊಂದು ದಾರಿ ಉಂಟೇ?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಇಂದು ಹೋಗುವುದು ದೊಡ್ಡ ಪಂಡಿತರ ಬಳಿಗಲ್ಲ, ದೂರದ ಊರುಗಳಿಗೆ ಗುಂಪಾಗಿ ಹೊರಡುವ ಮೋಟಾರ್ ಸೈಕಲ್ ಸವಾರರ ಬಳಿಗೆ. ಅವರಿಂದ ಕಲಿಯುವುದೇನಿದೆ ಎಂದು ಹುಬ್ಬೇರಿಸಬೇಡಿ. ಒಬ್ಬರ ಕುಂದನ್ನು ಇನ್ನೊಬ್ಬರಿಗೆ ಹೇಳುವ ವಿದ್ಯೆಯನ್ನು ಅವರು ದಿನವೂ ಅಭ್ಯಾಸ ಮಾಡುತ್ತಾರೆ.

ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವ ಮೊದಲು ಅವರು ಚಹಾಕ್ಕೆ ನಿಲ್ಲುವುದನ್ನು ನೀವು ನೋಡಿರಬಹುದು. ಹತ್ತು ಬೈಕುಗಳು ಸಾಲಾಗಿ ನಿಂತಿರುತ್ತವೆ. ಲೋಟ ಕೈಗೆ ಬರುವ ಮೊದಲೇ ಮಾತು ಶುರು. "ಏನೋ, ನಿನ್ನ ಚೈನು ಆ ಪಾಟಿ ಬಡ್ಕೊಳ್ತಿದೆ, ಯಾವ ಊರ ಜಾತ್ರೆ?" "ಬುಲೆಟ್ ಕೆಳಗೆ ಎಣ್ಣೆ ಹನಿ ಬಿದ್ದಿಲ್ಲ ಅಂದ್ರೆ ಒಳಗೂ ಎಣ್ಣೆ ಇಲ್ಲ ಅಂತ ಅರ್ಥ, ನೋಡ್ಕೋ ಮಾರಾಯ." "ನೀನು ಯೆಜ್ಡಿ ತಗೊಂಡು ಹೋದ ಬೀದೀಲಿ ಪಂಚಾಯ್ತಿಯವರು ಸೊಳ್ಳೆಗೆ ಹೊಗೆ ಹಾಕೋದು ಬೇಕಾಗಿಲ್ಲ." ಕೇಳುವ ಹೊರಗಿನವನಿಗೆ ಇದು ಜಗಳವೆಂದೇ ತೋರಬಹುದು. ಆದರೆ ಮರುಕ್ಷಣ ನೋಡಿ: ಚೈನನ್ನು ಹಾಸ್ಯ ಮಾಡಿದವನೇ ಮೊಣಕಾಲೂರಿ ಕುಳಿತು, ಚೀಲದಿಂದ ಸ್ಪ್ಯಾನರ್ ತೆಗೆದು ಹಿಂದಿನ ಚಕ್ರದ ನಟ್ಟು ಸಡಿಲಿಸುತ್ತಿರುತ್ತಾನೆ.

ಯೆಜ್ಡಿಯ ಹೆಸರೆತ್ತಿದೆ. ಅದು ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಯೆಜ್ಡಿ ಎಂಬ ಹೆಸರು 2022ರಲ್ಲಿ ಹೊಸ ಬೈಕುಗಳ ಮೇಲೆ ಮರಳಿ ಬಂದಿದೆಯಾದರೂ, ಹಳೆಯ ಟು-ಸ್ಟ್ರೋಕ್ ಗಾಡಿಗಳನ್ನು ಇಂದಿಗೂ ಓಡಿಸುತ್ತಿರುವವರಿಗೆ ಆ ಕಾರ್ಖಾನೆಯ ಆಸರೆ ಇಲ್ಲ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಬೆರೆಸಲು ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾಗಿ ಬೆರೆಸಿದರೆ ಪ್ಲಗ್ ಮಸಿ ಕಟ್ಟುತ್ತದೆ. ಕಿಕ್ ಹೊಡೆಯುವ ಸನ್ನೆಯನ್ನೇ ಮಡಿಸಿದರೆ ಗೇರು ಹಾಕುವ ಸನ್ನೆಯಾಗುತ್ತದೆ. ಇಂಥ ಗಾಡಿಯ ಗುಟ್ಟನ್ನು ಒಬ್ಬರಿಂದೊಬ್ಬರು ಕೇಳಿಯೇ ಕಲಿಯಬೇಕು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಒಡೆಯರು ಜಾವಾ–ಯೆಜ್ಡಿ ದಿನವೆಂದು ಸೇರುತ್ತಾರೆ. ಅಲ್ಲಿ ಸಲಹೆಯೆಂಬುದು ಉಪಚಾರದ ಮಾತಲ್ಲ. ಒಬ್ಬ ಹೇಳದಿದ್ದರೆ ಇನ್ನೊಬ್ಬನ ಗಾಡಿ ನಿಲ್ಲುತ್ತದೆ.

ಹೇಳುವುದು ಕರ್ತವ್ಯವೇ?

ಗುಂಪಿನಲ್ಲಿ ಹೋಗುವವನಿಗೆ "ನನ್ನ ಗಾಡಿ, ನನ್ನಿಷ್ಟ" ಎನ್ನುವ ಸ್ವಾತಂತ್ರ್ಯ ಪೂರ್ತಿಯಾಗಿ ಇಲ್ಲ. ಸಡಿಲ ಚೈನು ಹಲ್ಲಿನಿಂದ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ನಿಂತುಬಿಡಬಹುದು. ಆಗ ಬೀಳುವವನು ಒಬ್ಬನಾದರೂ ಅವನ ಹಿಂದೆಯೇ ಬರುತ್ತಿರುವ ಇನ್ನಿಬ್ಬರಿಗೂ ಅಪಾಯ. ಸವೆದ ಬ್ರೇಕಿನ ಕಥೆಯೂ ಅಷ್ಟೇ. ರಸ್ತೆಯನ್ನು ಹಂಚಿಕೊಂಡವರು ಅಪಾಯವನ್ನೂ ಹಂಚಿಕೊಂಡಿದ್ದಾರೆ. ಆದುದರಿಂದ ಕಂಡವನು ಹೇಳಲೇಬೇಕು.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಸೋದರನನ್ನು ತಿದ್ದುವುದನ್ನು ಪ್ರೀತಿಯ ಕಾರ್ಯವೆಂದು ಕರೆಯುತ್ತಾರೆ. ಹಸಿದವನಿಗೆ ಅನ್ನ ಕೊಡುವಂತೆ ಇದೂ ಒಂದು ದಾನ, ಆತ್ಮಕ್ಕೆ ಸಂಬಂಧಪಟ್ಟ ದಾನ. ಆದರೆ ಕಂಡದ್ದನ್ನೆಲ್ಲ ಕಂಡಲ್ಲೆಲ್ಲ ಹೇಳಬೇಕೆಂದು ಅವರು ಹೇಳುವುದಿಲ್ಲ. ಯಾವಾಗ, ಎಲ್ಲಿ, ಹೇಗೆ ಹೇಳಿದರೆ ಸೋದರನಿಗೆ ಒಳ್ಳೆಯದಾಗುತ್ತದೆಯೋ ಆಗ, ಅಲ್ಲಿ, ಹಾಗೆ ಹೇಳಬೇಕು. ದಾನದ ಅಳತೆ ಕೊಡುವವನ ಹಮ್ಮಲ್ಲ, ಪಡೆಯುವವನ ಹಸಿವು.

ಸರಿಯಾದ ಸಲಹೆ ಸೋತ ಕಥೆ

ಸಲಹೆ ಸರಿಯಾಗಿದ್ದರೆ ಸಾಕೇ? ಸಾಲದು. ಅಮೆರಿಕದ ಲೇಖಕ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ 'ಝೆನ್ ಅಂಡ್ ದ ಆರ್ಟ್ ಆಫ್ ಮೋಟಾರ್ ಸೈಕಲ್ ಮೇಂಟೆನೆನ್ಸ್' ಎಂಬ ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗವಿದೆ. 1968ರಲ್ಲಿ ಅವರು ಮಗನೊಡನೆ, ಗೆಳೆಯ ದಂಪತಿಗಳ ಜೊತೆಯಲ್ಲಿ, ಮಿನೆಸೋಟಾದಿಂದ ಪಶ್ಚಿಮಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೊರಟ ಪ್ರವಾಸವೇ ಆ ಪುಸ್ತಕದ ಹಂದರ. ಗೆಳೆಯ ಜಾನನದು ದುಬಾರಿ ಬಿ.ಎಂ.ಡಬ್ಲ್ಯು. ಅದರ ಹ್ಯಾಂಡಲ್ ಜಾರತೊಡಗಿತ್ತು. ಬಿಯರ್ ಡಬ್ಬಿಯ ತೆಳು ಅಲ್ಯೂಮಿನಿಯಂ ತಗಡಿನ ಒಂದು ಚೂರನ್ನು ನಡುವೆ ಸೇರಿಸಿ ಬಿಗಿದರೆ ಸರಿಹೋಗುತ್ತದೆ ಎಂದು ಪಿರ್ಸಿಗ್ ಸೂಚಿಸಿದರು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಆ ಲೋಹ ಮೆದುವಾದದ್ದು, ತುಕ್ಕು ಹಿಡಿಯದ್ದು, ಆ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು. ಆದರೆ ಗೆಳೆಯನಿಗೆ ಅದು ಅವಮಾನವೆನಿಸಿತು. ತನ್ನ ಜರ್ಮನ್ ಯಂತ್ರಕ್ಕೆ ಹಳೇ ಡಬ್ಬಿಯ ತೇಪೆಯೇ? ಅವನು ಒಪ್ಪಲಿಲ್ಲ.

ಆ ಚೂರನ್ನು ಗುಟ್ಟಾಗಿ ಕತ್ತರಿಸಿ, ಅಚ್ಚನ್ನು ಅಳಿಸಿ, ಜರ್ಮನಿಯಿಂದ ವಿಶೇಷವಾಗಿ ತರಿಸಿದ್ದೆಂದು ಹೇಳಿದ್ದರೆ ಗೆಳೆಯ ಸಂತೋಷದಿಂದ ಒಪ್ಪುತ್ತಿದ್ದನೇನೋ ಎಂದು ಲೇಖಕರು ಆಮೇಲೆ ಚೇಷ್ಟೆಯಾಗಿ ಊಹಿಸುತ್ತಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲೋಣ. ಒಂದು ಕಡೆ ಬರಿಯ ಸತ್ಯ, ಕೇಳುವವನ ಮನಸ್ಸಿನ ಗೊಡವೆ ಇಲ್ಲದ ಸತ್ಯ. ಇನ್ನೊಂದು ಕಡೆ ಮನಸ್ಸನ್ನು ಉಳಿಸಲು ಹೇಳುವ ಸುಳ್ಳು. ನಮ್ಮ ಮನೆಗಳಲ್ಲಿಯೂ ಎಷ್ಟೋ ಸಲ ನಮ್ಮ ಮುಂದಿರುವುದು ಇವೆರಡೇ ದಾರಿ ಎಂದು ಭಾವಿಸುತ್ತೇವೆ. ಸತ್ಯ ಹೇಳಿ ಸಂಬಂಧ ಕೆಡಿಸಿಕೊಳ್ಳುವುದು, ಇಲ್ಲವೇ ಸುಳ್ಳು ಹೇಳಿ ಸಂಬಂಧ ಉಳಿಸಿಕೊಳ್ಳುವುದು. ಚಹಾ ಅಂಗಡಿಯ ಮುಂದಿನ ಸವಾರರು ತೋರಿಸುವುದು ಮೂರನೆಯ ದಾರಿ. ಅವರು ಸತ್ಯವನ್ನೇ ಹೇಳುತ್ತಾರೆ, ನಗೆಯಲ್ಲಿ ಹೇಳುತ್ತಾರೆ. ಚೈನು ಸಡಿಲವಾಗಿರುವುದೂ ನಿಜ, ಜಾತ್ರೆಯ ಮಾತು ಯಾರನ್ನೂ ಮೋಸಗೊಳಿಸುವುದಿಲ್ಲ ಎಂಬುದೂ ನಿಜ. ಕೇಳಿದವನು ನಕ್ಕು ಬಗ್ಗಿ ನೋಡುತ್ತಾನೆ.

ಚೈನಿಗೆ ಬೇಕಾದ ಸಡಿಲ

ಈ ಹಿತವಾದ ಹಾಸ್ಯವನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಒಂದು ಸದ್ಗುಣವೆಂದೇ ಪರಿಗಣಿಸಿದನು. ಅದಕ್ಕೆ 'ಯುಟ್ರಪೀಲಿಯಾ' ಎಂದು ಹೆಸರು. ಅದರ ಒಂದು ಬದಿಗೆ ಏನಾದರಾಗಲಿ ನಗಿಸಲೇಬೇಕೆನ್ನುವ ವಿದೂಷಕ. ಇನ್ನೊಂದು ಬದಿಗೆ ತಾನೂ ನಗದೆ, ನಗುವವರನ್ನೂ ಸಹಿಸದ ಒರಟ. ನಡುವೆ ಇರುವವನೇ ಗುಣವಂತ. ಅಕ್ವಿನಾಸರು ಇದನ್ನು ಒಪ್ಪಿ, ಇತರರ ಸಂತೋಷಕ್ಕೆ ಅಡ್ಡಿಯಾಗುವ ಬಿಗುಮಾನವೂ ಒಂದು ದೋಷವೆಂದು ಹೇಳುತ್ತಾರೆ. ಭಕ್ತಿಯೆಂದರೆ ಮುಖ ಗಂಟಿಕ್ಕುವುದು ಎಂದುಕೊಂಡಿರುವವರು ಇದನ್ನು ಗಮನಿಸಬೇಕು.

ನಡುದಾರಿ ಎಂದರೇನೆಂದು ತಿಳಿಯಲು ಬೈಕಿನ ಚೈನನ್ನೇ ನೋಡೋಣ. ಸಡಿಲವಾದರೆ ಅದು ಬಡಿಯುತ್ತದೆ, ಕಳಚುತ್ತದೆ. ಹಾಗೆಂದು ತಂತಿಯಂತೆ ಬಿಗಿದರೆ? ಹೊಸಬರು ಮಾಡುವ ತಪ್ಪು ಇದೇ. ಸವಾರ ಕುಳಿತಾಗ, ಗಾಡಿ ಗುಂಡಿಗೆ ಇಳಿದಾಗ, ಹಿಂದಿನ ಚಕ್ರ ಮೇಲಕ್ಕೆ ಸರಿದು ಚೈನು ಇನ್ನೂ ಬಿಗಿಯಾಗುತ್ತದೆ. ಮೊದಲೇ ಬಿಗಿದಿದ್ದರೆ ಅದು ಗೇರ್ ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ, ಕೊನೆಗೆ ತಾನೂ ತುಂಡಾಗುತ್ತದೆ. ಅದಕ್ಕೇ ಚೈನಿನ ಕೆಳಸಾಲಿನ ಮಧ್ಯಭಾಗವನ್ನು ಬೆರಳಿನಿಂದ ಒತ್ತಿದರೆ ಅದು ಸ್ವಲ್ಪ ಆಡುವಂತಿರಬೇಕು. ಅನೇಕ ಬೈಕುಗಳಲ್ಲಿ ಈ ಆಟ ಸುಮಾರು 20ರಿಂದ 35 ಮಿಲಿಮೀಟರ್. ಆಯಾ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಚೈನು ಎಲ್ಲ ಕಡೆ ಒಂದೇ ಸಮನೆ ಸವೆದಿರುವುದಿಲ್ಲವಾದ್ದರಿಂದ ಚಕ್ರ ತಿರುಗಿಸಿ ನಾಲ್ಕಾರು ಕಡೆ ನೋಡಬೇಕು.

ಸಂಬಂಧಗಳಲ್ಲಿಯೂ ಹೀಗೇ ಅಲ್ಲವೇ? ತಿದ್ದುವ ಮಾತೇ ಇಲ್ಲದ ಮನೆಯಲ್ಲಿ ಎಲ್ಲರೂ ತಮ್ಮ ಪಾಡಿಗೆ ಬಡಿದುಕೊಳ್ಳುತ್ತಾರೆ. ತಿದ್ದುವುದೇ ಕೆಲಸವಾದ ಮನೆಯಲ್ಲಿ ಮೊದಲ ಗುಂಡಿಗೇ ಏನಾದರೊಂದು ತುಂಡಾಗುತ್ತದೆ. ಸಾಲ, ಕಾಯಿಲೆ, ಪರೀಕ್ಷೆಯಲ್ಲಿ ನಪಾಸು, ಇವೆಲ್ಲ ರಸ್ತೆಯ ಗುಂಡಿಗಳು. ಆ ಹೊತ್ತಿಗಾಗಿ ಮಾತಿನಲ್ಲಿ ಒಂದಿಷ್ಟು ಆಟ ಉಳಿಸಿಕೊಂಡಿರಬೇಕು. ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಅಳತೆ. ಹಿರಿಯ ಮಗನಿಗೆ ನಗು ತರಿಸುವ ಮಾತು ಕಿರಿಯವನ ಕಣ್ಣಲ್ಲಿ ನೀರು ತರಿಸಬಹುದು.

ನಗೆ ಎಲ್ಲಿ ನಿಲ್ಲಬೇಕು?

"ತಮಾಷೆಗೆ ಹೋಗಿ ಅಮಾಸೆ ಆಯಿತು" ಎನ್ನುತ್ತಾರೆ ನಮ್ಮ ಜನ. ನಗೆಯ ಹೆಸರಿನಲ್ಲಿ ನಂಜು ಉಗುಳುವವರೂ ಇದ್ದಾರೆ. ನೊಂದವನು ಮುಖ ಬಾಡಿಸಿಕೊಂಡರೆ "ತಮಾಷೆಗೆ ಹೇಳಿದ್ದಪ್ಪಾ" ಎಂದು ನುಣುಚಿಕೊಳ್ಳುತ್ತಾರೆ. ಇದಕ್ಕೆ ಅಕ್ವಿನಾಸರು ಒಂದು ಸೂಕ್ಷ್ಮವಾದ ಉತ್ತರ ಕೊಡುತ್ತಾರೆ. ಕುಂದನ್ನು ನಾವು ತಮಾಷೆಯಾಗಿ ಕಾಣುವುದು ಎರಡು ಕಾರಣಗಳಿಂದ: ಕುಂದು ನಿಜವಾಗಿಯೂ ಚಿಕ್ಕದಾಗಿರಬಹುದು, ಇಲ್ಲವೇ ಆ ಮನುಷ್ಯನನ್ನೇ ನಾವು ಲೆಕ್ಕಕ್ಕಿಲ್ಲದವನೆಂದು ಚಿಕ್ಕವನಾಗಿ ಕಾಣುತ್ತಿರಬಹುದು. ಮೊದಲನೆಯದು ಹಗುರ, ಎರಡನೆಯದು ಗಂಭೀರವಾದ ಪಾಪ. ಸಡಿಲ ಚೈನನ್ನು ನಗಬಹುದು. ಸಾಲ ಮಾಡಿ ತಂದ ಚಿಕ್ಕ ಗಾಡಿಯಲ್ಲಿ ಗುಂಪಿನ ಕೊನೆಗೆ ಏದುಸಿರು ಬಿಡುತ್ತಾ ಬರುವವನ ಬಡತನವನ್ನು ನಗಬಾರದು. ಮೊದಲ ಬಾರಿಗೆ ಗುಂಪಿನೊಡನೆ ಹೊರಟ ಹೆಣ್ಣುಮಗಳನ್ನು ಹೆಣ್ಣೆಂಬ ಕಾರಣಕ್ಕೆ ನಗಬಾರದು.

ಎರಡನೆಯದಾಗಿ, ಕುಂದು ದೊಡ್ಡದಾದಾಗ ತಮಾಷೆ ಅಲ್ಲಿಗೆ ಮುಗಿಯಬೇಕು. ಬ್ರೇಕ್ ಹಿಡಿಯುತ್ತಿಲ್ಲ ಎಂದಾದರೆ, ಸವಾರ ಕುಡಿದಿದ್ದಾನೆ ಎಂದಾದರೆ, ಒಳ್ಳೆಯ ಗೆಳೆಯ ಜಾತ್ರೆಯ ಮಾತಾಡುವುದಿಲ್ಲ. ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ, ಬೈಗುಳ ತಿನ್ನಲು ಸಿದ್ಧನಾಗುತ್ತಾನೆ.

ಮೂರನೆಯದು ಜಾಗದ ಪ್ರಶ್ನೆ. ತಪ್ಪು ಮಾಡಿದ ಸೋದರನ ಬಳಿ ಹೋಗಿ, ಇಬ್ಬರೇ ಇರುವಾಗ ತಿಳಿಸಬೇಕೆಂದು ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಕಲಿಸುತ್ತಾರೆ. ಹಾಗಾದರೆ ಹತ್ತು ಜನರ ಮುಂದೆ ಆಡಿಕೊಳ್ಳುವುದು ಸರಿಯೇ? ಎಲ್ಲರ ಕಿವಿಗೂ ಬೀಳುತ್ತಿರುವ ಚೈನಿನ ಸದ್ದು ಗುಟ್ಟಲ್ಲ. ಅದನ್ನು ಎಲ್ಲರ ಮುಂದೆ ಹೇಳಿದರೆ ಮಾನ ಹೋಗುವುದಿಲ್ಲ. ಆದರೆ ತಿರುವಿನಲ್ಲಿ ಅವನ ಕೈ ನಡುಗಿದ್ದನ್ನು ಹಿಂದಿದ್ದ ನೀವೊಬ್ಬರೇ ಕಂಡಿದ್ದರೆ ಅದು ನಿಮ್ಮಿಬ್ಬರ ನಡುವೆಯೇ ಇರಲಿ. ಗುಟ್ಟಾದ ಕುಂದಿಗೆ ಗುಟ್ಟಾದ ಮಾತೇ ಮದ್ದು.

ಯಾರ ಮಾತು ನಾಟುತ್ತದೆ?

ಮಗನಿಗೆ ಹೆಲ್ಮೆಟ್ಟಿನ ಪಟ್ಟಿ ಹಾಕಿಕೋ ಎಂದು ನೂರು ಸಲ ಹೇಳಿ ಸೋತ ತಂದೆ ತಾಯಿಯರು ನಮ್ಮಲ್ಲಿ ಬಹಳ. ಅದೇ ಮಾತನ್ನು ಜೊತೆಯ ಸವಾರನೊಬ್ಬ "ಗುರು, ಪಟ್ಟಿ ಹಾಕ್ಕೋ, ಇಲ್ಲಾಂದ್ರೆ ನಿನಗಿಂತ ಮುಂಚೆ ನಿನ್ನ ಹೆಲ್ಮೆಟ್ಟೇ ಊರು ಸೇರುತ್ತೆ" ಎಂದರೆ ಹುಡುಗ ತಕ್ಷಣ ಹಾಕಿಕೊಳ್ಳುತ್ತಾನೆ. ಹೆತ್ತವರಿಗೆ ಇದು ನೋವಿನ ಸಂಗತಿ. ಕಾರಣವೇನಿರಬಹುದು?

ಒಂದು ಕಾರಣ, ಹೇಳುವವನೂ ಅದೇ ರಸ್ತೆಯಲ್ಲಿದ್ದಾನೆ. ಒಳ್ಳೆಯ ಗುಂಪುಗಳಲ್ಲಿ ಅನುಭವಿಯಾದ ಒಬ್ಬ ಸವಾರ ಎಲ್ಲರಿಗಿಂತ ಹಿಂದೆ ಬರುತ್ತಾನೆ. ಯಾರ ಗಾಡಿ ನಿಂತರೂ ಅವನು ನಿಲ್ಲುತ್ತಾನೆ, ಮಳೆಯಲ್ಲಿ ಪಂಕ್ಚರ್ ಹಾಕುತ್ತಾನೆ. ಅಂಥವನ ಮಾತಿಗೆ ತೂಕ ತಾನಾಗಿ ಬರುತ್ತದೆ. ಕೈ ಮಸಿ ಮಾಡಿಕೊಳ್ಳದವನ ಸಲಹೆ ಬರಿಯ ಗಾಳಿ. ಇನ್ನೊಂದು ಕಾರಣ, ಅಲ್ಲಿ ಸರದಿ ಉಂಟು. ಇವತ್ತು ನಿನ್ನ ಚೈನು, ನಾಳೆ ನನ್ನ ಪ್ಲಗ್. ಹಾಸ್ಯ ಮಾಡುವವನು ಹಾಸ್ಯಕ್ಕೆ ಗುರಿಯಾಗಲೂ ಸಿದ್ಧನಿದ್ದಾನೆ. ಸದಾ ಒಬ್ಬನೇ ನಗೆಪಾಟಲಾಗುವ ಕಡೆ ಇರುವುದು ಗೆಳೆತನವಲ್ಲ, ದಬ್ಬಾಳಿಕೆ.

ಹೆತ್ತವರು ಮಗನ ಗೆಳೆಯರಾಗಬೇಕಿಲ್ಲ, ಹೆತ್ತವರಾಗಿಯೇ ಇರಲಿ. ಆದರೆ ಈ ಎರಡು ಗುಣಗಳನ್ನು ಮನೆಗೆ ತರಲು ಅಡ್ಡಿಯೇನು? ಪೇಟೆಗೆ ಹೋಗುವಾಗ ತಂದೆಯೂ ಪಟ್ಟಿ ಹಾಕಿಕೊಳ್ಳಲಿ. ಭಾನುವಾರ ಮಧ್ಯಾಹ್ನ ಮಗನ ಪಕ್ಕದಲ್ಲಿ ಕುಳಿತು ಚೈನಿಗೆ ಎಣ್ಣೆ ಹಾಕಲಿ. "ಅಪ್ಪಾ, ನಿಮ್ಮ ಸ್ಕೂಟರಿನ ಇಂಡಿಕೇಟರ್ ಹೋದ ಹಬ್ಬದಿಂದ ಮಿಣುಕ್ತಾ ಇದೆ, ಇನ್ನೂ ತಿರುಗಲಿಲ್ವಾ?" ಎಂದು ಮಗ ಕೇಳಿದರೆ ರೇಗದೆ ನಕ್ಕು ಅದನ್ನು ಆರಿಸಲಿ. ಮಗನಿಂದ ಒಂದು ಮಾತು ಕೇಳಿಸಿಕೊಂಡ ತಂದೆ ಮಗನಿಗೆ ಹತ್ತು ಮಾತು ಹೇಳಬಲ್ಲ. ಗಂಡ ಹೆಂಡಿರ ನಡುವೆ, ಅತ್ತೆ ಸೊಸೆಯರ ನಡುವೆ, ಗುರುಗಳು ಮತ್ತು ಜನರ ನಡುವೆಯೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ, ಪ್ರಿಯರೇ, ಇನ್ನೊಬ್ಬರ ಕುಂದು ಕಣ್ಣಿಗೆ ಬಿದ್ದಾಗ ಬಾಯಿ ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಾನು ಚಿಕ್ಕದು ಮಾಡಲು ಹೊರಟಿರುವುದು ಅವನ ತಪ್ಪನ್ನೋ, ಅವನನ್ನೋ? ಹೇಳಿದ ಮೇಲೆ ಸ್ಪ್ಯಾನರ್ ಹಿಡಿದು ಅವನ ಪಕ್ಕದಲ್ಲಿ ಕೂರಲು ನನಗೆ ಮನಸ್ಸಿದೆಯೇ? ನಾಳೆ ಅವನು ನನಗೆ ಹೀಗೆಯೇ ಹೇಳಿದರೆ ನಗುತ್ತಾ ಕೇಳಬಲ್ಲೆನೇ? ಈ ಪ್ರಶ್ನೆಗಳಿಗೆ ಮನಸ್ಸಾಕ್ಷಿ ಸರಿಯಾದ ಉತ್ತರ ಕೊಟ್ಟರೆ ಹೇಳಲು ಹೆದರಬೇಕಿಲ್ಲ. ಕೊಡದಿದ್ದರೆ ಮೊದಲು ನಮ್ಮ ಗಾಡಿಯನ್ನೇ ಸ್ಟ್ಯಾಂಡಿಗೆ ಹಾಕಿ ನೋಡಿಕೊಳ್ಳೋಣ. ಆದರೆ ಸಡಿಲವಾದ ಚೈನನ್ನು ಕಂಡೂ ಕಾಣದಂತೆ ಸೋದರನನ್ನು ಘಾಟಿ ಇಳಿಯಲು ಬಿಡುವುದು ಬೇಡ.