ಜಿರಳೆಯೂ ಶ್ರಾವಕನ ಅಹಿಂಸಾಣುವ್ರತವೂ

ಭಾದ್ರಪದ ಶುಕ್ಲ ಚತುರ್ದಶಿ ದಶಲಕ್ಷಣ ಪರ್ವದ ಕೊನೆಯ ದಿನ. ಅಂದು ಮನೆಮಂದಿಯೆಲ್ಲ ಉಪವಾಸವಿರುವ ಕುಟುಂಬವೊಂದನ್ನು ಭಾವಿಸಿಕೊಳ್ಳೋಣ. ಒಲೆ ಹಚ್ಚುವ ಪ್ರಮೇಯವಿಲ್ಲ. ಬೆಳಗ್ಗೆ ಬಸದಿಯಲ್ಲಿ ಅಭಿಷೇಕ, ಪೂಜೆ, ಮಧ್ಯಾಹ್ನ ಶಾಸ್ತ್ರಶ್ರವಣ, ಸಂಜೆ ಪ್ರತಿಕ್ರಮಣ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುವ ಹೊತ್ತಿಗೆ ಸೊಸೆ ಪಾತ್ರೆಗಳಿಗೆಲ್ಲ ಬಟ್ಟೆ ಹೊದಿಸಿ, ಬೀಗದ ಕೈಯನ್ನು ನೆರೆಮನೆಯಲ್ಲಿ ಕೊಟ್ಟು ಬರುತ್ತಾಳೆ. ಅತ್ತೆ ಕಾರಣ ಕೇಳಿದರೆ ಆಕೆಯ ಉತ್ತರ ಸರಳವಾಗಿದೆ: “ಇವತ್ತು ಹೇಗೂ ಅಡಿಗೆ ಇಲ್ಲವಲ್ಲ ಅತ್ತೆ, ಜಿರಳೆಗೆ ಔಷಧಿ ಹೊಡೆಯುವವರಿಗೆ ಬರಹೇಳಿದ್ದೇವೆ. ನಾಳೆ ಪಾರಣೆಯ ವೇಳೆಗೆ ವಾಸನೆಯೂ ಹೋಗಿರುತ್ತದೆ.”

ಈ ಮಾತಿನಲ್ಲಿ ಕ್ರೌರ್ಯವಿಲ್ಲ. ಅನುಕೂಲದ ಲೆಕ್ಕವೊಂದೇ ಇದೆ. ಆದರೂ ಅತ್ತೆಯ ಮನಸ್ಸು ಮುದುಡುತ್ತದೆ. ಅದೇ ಸಂಜೆ ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಿಗಳಿಗೆ ತನ್ನಿಂದಾದ ಬಾಧೆಯನ್ನು ನೆನೆದು ಆಕೆ ಪಶ್ಚಾತ್ತಾಪಪಡಬೇಕು. ಆ ನುಡಿಗಳನ್ನು ಆಕೆ ಹೇಳುತ್ತಿರುವ ಗಳಿಗೆಯಲ್ಲಿಯೇ ತನ್ನ ಅಡಿಗೆಮನೆಯ ಮೂಲೆಮೂಲೆಗಳಲ್ಲಿ ಜೀವಿಗಳು ಬೆನ್ನಡಿಯಾಗಿ ಬಿದ್ದು ಕಾಲು ಝಾಡಿಸುತ್ತಿರುತ್ತವೆ. ವಿಷಕ್ಕೆ ‘ಔಷಧಿ’ ಎಂಬ ಹೆಸರು ಕೊಟ್ಟಿರುವ ನಮ್ಮ ರೂಢಿಯ ಮಾತು ಈ ಸಂಕಟವನ್ನು ಮರೆಸಬಲ್ಲುದೇ ಹೊರತು ಪರಿಹರಿಸಲಾರದು. ಔಷಧಿ ಬದುಕಿಸುವಂಥದು, ಇದು ಅದಲ್ಲ.

ಮನೆಯಲ್ಲಿ ವಾಸಿಸುವ ಕ್ಷುದ್ರಜೀವಿಗಳ ಬಗೆಗೆ ಮನುಷ್ಯನ ಭಾವನೆಗಳು ಒಂದೇ ತೆರನಾಗಿಲ್ಲ. ಅದೇ ಸೊಸೆ ಅಕ್ಕಿ ಕೇರುವಾಗ ನುಸಿಹುಳುಗಳು ಕಂಡರೆ ಅವನ್ನು ಮೊರದಿಂದ ಮೆಲ್ಲನೆ ತೆಗೆದು ನೆರಳಿನಲ್ಲಿ ಬಿಡುತ್ತಾಳೆ. ಅಂಗಳದ ರಂಗೋಲಿಯ ಅಕ್ಕಿಹಿಟ್ಟನ್ನು ಇರುವೆಗಳು ಹೊತ್ತೊಯ್ದರೆ ಆಕೆಗೆ ಸಂತೋಷ. ಗೋಡೆಯ ಹಲ್ಲಿಯನ್ನು ಸಹಿಸುತ್ತಾಳೆ. ದೀಪಕ್ಕೆ ಎರಗುವ ಪತಂಗವನ್ನು ಕಂಡು ಮರುಗಿ ದೀಪಕ್ಕೆ ಮರೆ ಮಾಡುತ್ತಾಳೆ. ಆದರೆ ಒಂದು ಜಿರಳೆ ಬಚ್ಚಲಿನಿಂದ ಹೊರಬಂದು ಮೀಸೆ ಆಡಿಸಿತೋ, ಕೈ ತಾನಾಗಿಯೇ ಪೊರಕೆಗೆ ಹೋಗುತ್ತದೆ. ತಿಗಣೆಯ ವಿಷಯದಲ್ಲಂತೂ ಹಿಂದಿನ ಕಾಲದಲ್ಲಿ ಮಂಚದ ಸಂದುಗಳಿಗೆ ಕುದಿನೀರು ಹೊಯ್ಯುವುದನ್ನು ಯಾರೂ ಪಾಪವೆಂದು ಎಣಿಸುತ್ತಿರಲಿಲ್ಲ. ಇರುವೆಗೆ ಕರುಣೆ, ಜಿರಳೆಗೆ ಪೊರಕೆ: ಈ ಭೇದ ಎಲ್ಲಿಂದ ಬಂದಿತು?

ಆಗಮದಿಂದ ಬಂದುದಂತೂ ಅಲ್ಲ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವು ತ್ರೀಂದ್ರಿಯ ಜೀವಿಗಳನ್ನು ಹೆಸರಿಸುವಾಗ ಹೇನು, ತಿಗಣೆ, ಇರುವೆ, ಚೇಳುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಸೊಳ್ಳೆ, ನೊಣ, ದುಂಬಿ, ಪತಂಗಗಳು ಚತುರಿಂದ್ರಿಯ ಜೀವಿಗಳ ಸಾಲಿನಲ್ಲಿ ಸೇರುತ್ತವೆ. ನಮಗೆ ಪ್ರಿಯವಾದ ಇರುವೆಯೂ ಅಸಹ್ಯವಾದ ತಿಗಣೆಯೂ ಅಲ್ಲಿ ಸಮಾನವಾದ ಇಂದ್ರಿಯಗಳುಳ್ಳವು. ಜೇನು ಕೊಡುವ ದುಂಬಿಯೂ ರಕ್ತ ಹೀರುವ ಸೊಳ್ಳೆಯೂ ಒಂದೇ ಪಂಕ್ತಿಯವು. ಸ್ಥಾವರ, ತ್ರಸ ಎಂಬ ವಿಭಾಗವುಂಟು, ಇಂದ್ರಿಯಗಳ ಎಣಿಕೆಯುಂಟು, ಆದರೆ ‘ಅಸಹ್ಯವಾದ ಜೀವಿ’ ಎಂಬ ವರ್ಗವನ್ನು ಆಚಾರ್ಯರು ಎಲ್ಲಿಯೂ ಮಾಡಲಿಲ್ಲ. ಸ್ಪರ್ಶ, ರುಚಿ, ವಾಸನೆಗಳನ್ನು ಅರಿತು, ಬೆಳಕು ಕಂಡರೆ ಮರೆಗೆ ಓಡಿ, ಪ್ರಾಣಭಯದಿಂದ ತಪ್ಪಿಸಿಕೊಳ್ಳುವ ಜಿರಳೆ ನಿಸ್ಸಂದೇಹವಾಗಿ ತ್ರಸಜೀವಿ. ಶ್ರಾವಕನ ಅಹಿಂಸಾಣುವ್ರತದ ಎಲ್ಲೆಯೊಳಗೆ ಅದು ಸಂಪೂರ್ಣವಾಗಿ ಬರುತ್ತದೆ.

ಹಾಗಾದರೆ ಅಸಹ್ಯವು ಇರುವುದೆಲ್ಲಿ? ಅದು ಜಿರಳೆಯಲ್ಲಿಲ್ಲ, ನೋಡುವವನಲ್ಲಿದೆ. ಚಾರಿತ್ರಮೋಹನೀಯ ಕರ್ಮದ ಪ್ರಭೇದಗಳಾದ ಒಂಬತ್ತು ನೋಕಷಾಯಗಳಲ್ಲಿ ಭಯ ಮತ್ತು ಜುಗುಪ್ಸೆ ಎರಡೂ ಸೇರಿವೆ. ಜಿರಳೆಯನ್ನು ಕಂಡೊಡನೆ ಏಳುವುದು ಈ ಎರಡರ ಉದಯವೇ. ಮನುಷ್ಯನು ಸಾಮಾನ್ಯವಾಗಿ ತನ್ನ ಕ್ರೋಧವನ್ನು ದೋಷವೆಂದು ಒಪ್ಪಿಕೊಳ್ಳುತ್ತಾನೆ, ಲೋಭಕ್ಕಾಗಿ ನಾಚುತ್ತಾನೆ. ಜುಗುಪ್ಸೆಯನ್ನು ಮಾತ್ರ ದೋಷವೆಂದು ಬಗೆಯದೆ ಶುಚಿತ್ವದ ಲಕ್ಷಣವೆಂದು ಹೆಮ್ಮೆಪಡುತ್ತಾನೆ. ಅದರ ಅಪಾಯವೂ ಇಲ್ಲಿಯೇ ಇದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ರಾಗಾದಿ ಭಾವಗಳು ಹುಟ್ಟುವುದನ್ನೇ ಹಿಂಸೆಯೆಂದೂ ಹುಟ್ಟದಿರುವುದನ್ನೇ ಅಹಿಂಸೆಯೆಂದೂ ನಿರ್ಣಯಿಸಿದ್ದಾರೆ. ಕಷಾಯಕ್ಕೆ ವಶನಾದವನು ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆ. ಎದುರಿನ ಜೀವಿ ಸಾಯುವುದು ಅಥವಾ ಬದುಕುವುದು ಅನಂತರದ ಮಾತು ಎಂಬುದು ಅವರ ಅಭಿಪ್ರಾಯ. ಈ ದೃಷ್ಟಿಯಿಂದ ನೋಡಿದರೆ ಪೊರಕೆ ಎತ್ತಿದ ಕೈ ಗುರಿ ತಪ್ಪಿ ಜಿರಳೆ ಸಂದಿನಲ್ಲಿ ನುಸುಳಿ ಪಾರಾದರೂ, ಎತ್ತಿದವನು ಪಾರಾಗಲಿಲ್ಲ.

ಔಷಧಿ ಹೊಡೆಯುವವನನ್ನು ಕರೆಸಿದವರು ‘ನಾವು ಕೈಯಾರೆ ಕೊಲ್ಲಲಿಲ್ಲವಲ್ಲ’ ಎಂದು ಸಮಾಧಾನ ತಂದುಕೊಳ್ಳಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಬಾಗಿಲನ್ನು ಮುಚ್ಚಿದ್ದಾರೆ. ಮನಸ್ಸು, ಮಾತು, ಕಾಯಗಳಿಂದ. ತಾನು ಮಾಡಿ, ಮಾಡಿಸಿ ಅಥವಾ ಮಾಡಿದುದಕ್ಕೆ ಸಮ್ಮತಿಸಿ ಸಂಕಲ್ಪಪೂರ್ವಕವಾಗಿ ತ್ರಸಜೀವಿಗಳನ್ನು ಕೊಲ್ಲದಿರುವುದೇ ಅಣುವ್ರತವೆಂದು ಅವರು ತಿಳಿಸುತ್ತಾರೆ. ಹಣ ಕೊಟ್ಟು ಕರೆಸುವುದು ‘ಕಾರಿತ’. ಮರುದಿನ ಸತ್ತವನ್ನು ಗುಡಿಸಿ ಹಾಕುತ್ತಾ ‘ಒಳ್ಳೆಯದಾಯಿತು’ ಎಂದು ನಿಟ್ಟುಸಿರು ಬಿಡುವುದು ‘ಅನುಮೋದನೆ’. ಹಾಗೆ ನೋಡಿದರೆ, ಆ ದಿನ ಮನೆಗೆ ಬಂದು ದುಡಿದು ಹೋದ ಬಡ ಕೂಲಿಗಾರನಿಗಿಂತ ಬಸದಿಯಲ್ಲಿ ಕುಳಿತಿದ್ದ ಯಜಮಾನನ ಪಾಲು ಕಡಿಮೆಯದೇನೂ ಅಲ್ಲ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪಣೆ ಏಳುತ್ತದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಜಿರಳೆ ಚರಂಡಿಯಲ್ಲಿ ಸಂಚರಿಸಿ ಅದೇ ಕಾಲುಗಳಲ್ಲಿ ಅನ್ನದ ಮೇಲೆ ನಡೆಯುತ್ತದೆ. ಹೊಟ್ಟೆಯ ರೋಗಗಳ ಅಣುಜೀವಿಗಳನ್ನು ಹೊತ್ತು ತರುತ್ತದೆ. ಅದರ ಹಿಕ್ಕೆ ಮತ್ತು ಕಳಚಿದ ಪೊರೆಯ ಧೂಳು ಕೆಲವರಿಗೆ, ಅದರಲ್ಲಿಯೂ ಮಕ್ಕಳಿಗೆ, ಉಬ್ಬಸವನ್ನು ಕೆರಳಿಸುತ್ತದೆಂದು ವೈದ್ಯಶಾಸ್ತ್ರ ದೃಢಪಡಿಸಿದೆ. ಉಸಿರಿಗಾಗಿ ಒದ್ದಾಡುವ ಮಗುವಿನ ತಾಯಿಗೆ ಜಿರಳೆಯ ಮೇಲೆ ದಯೆ ತೋರಿಸು ಎಂದು ಉಪದೇಶಿಸುವುದು ಸುಲಭವೇ? ಕೆಲವನ್ನು ಕೊಂದು ಅನೇಕರನ್ನು ಕಾಪಾಡುವುದು ಧರ್ಮವಲ್ಲವೇ?

ಅಮೃತಚಂದ್ರಾಚಾರ್ಯರು ಈ ಕೊನೆಯ ತರ್ಕವನ್ನು ಸಾವಿರ ವರ್ಷಗಳ ಹಿಂದೆಯೇ ಎದುರಿಸಿದ್ದಾರೆ. ಒಂದು ಹಿಂಸ್ರಜೀವಿಯನ್ನು ಕೊಂದರೆ ಬಹುಜೀವಿಗಳಿಗೆ ರಕ್ಷೆಯಾಗುತ್ತದೆಂಬ ಎಣಿಕೆಯಿಂದ ಕೊಲ್ಲಲಾಗದು ಎಂಬುದು ಅವರ ಸ್ಪಷ್ಟ ನಿಷೇಧ. ಈ ಎಣಿಕೆಗೆ ಕೊನೆಯೇ ಇಲ್ಲದಿರುವುದನ್ನು ಯಾರೂ ಕಾಣಬಹುದು. ಜಿರಳೆಯಾದ ಮೇಲೆ ಹಲ್ಲಿ, ಹಲ್ಲಿಯಾದ ಮೇಲೆ ಬೆಕ್ಕು. ಆದರೆ ಗೃಹಸ್ಥನು ಮುನಿಯಲ್ಲ. ಗುಡಿಸುವುದು, ತೊಳೆಯುವುದು, ಬೇಯಿಸುವುದು ಮುಂತಾದ ಕೆಲಸಗಳಲ್ಲಿ ಎಚ್ಚರದಿಂದಿದ್ದರೂ ಸಂಭವಿಸುವ ಆರಂಭೀ ಹಿಂಸೆಯಿಂದ ಅವನು ಪೂರ್ತಿಯಾಗಿ ಬಿಡುಗಡೆ ಹೊಂದಲಾರ. ಅವನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ಬಚ್ಚಲನ್ನು ಬಿಸಿನೀರಿಲ್ಲದೆ, ನೋಡಿಕೊಂಡು ತೊಳೆಯುವಾಗ ಕಾಣದೆ ಒಂದು ಜೀವಿ ಸತ್ತರೆ ಅದು ಆರಂಭೀ; ಸಾಯಲೆಂದೇ ವಿಷವಿಟ್ಟರೆ ಅದು ಸಂಕಲ್ಪೀ. ಎಲ್ಲ ಉಪಾಯಗಳನ್ನೂ ಮಾಡಿ ಸೋತು, ಮಗುವಿನ ಪ್ರಾಣಕ್ಕಾಗಿ ವಿಷಪ್ರಯೋಗಕ್ಕೆ ಒಪ್ಪಿದ ತಾಯಿಯನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆಕೆ ಅದನ್ನು ಹಿಂಸೆಯೆಂದೇ ಕರೆಯಬೇಕು. ಗುರುಗಳ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಕೈಗೊಳ್ಳಬೇಕು. ದೌರ್ಬಲ್ಯವನ್ನು ದೌರ್ಬಲ್ಯವೆಂದು ಒಪ್ಪಿದವನಿಗೆ ಮೇಲೇರಲು ಮೆಟ್ಟಿಲಿದೆ. ಅದಕ್ಕೆ ಧರ್ಮದ ಹೆಸರಿಟ್ಟವನಿಗೆ ಇಲ್ಲ.

ಎಲ್ಲ ಉಪಾಯಗಳನ್ನೂ ಮಾಡಿದ್ದೇವೆಯೇ ಎಂಬುದು ನಿಜವಾದ ಪ್ರಶ್ನೆ. ಲೋಕದಲ್ಲಿ ಸುಮಾರು ೪,೫೦೦ ಬಗೆಯ ಜಿರಳೆಗಳಿವೆ. ಮನುಷ್ಯನ ಮನೆಯನ್ನು ಆಶ್ರಯಿಸಿರುವುವು ಅವುಗಳಲ್ಲಿ ೩೦ರಷ್ಟು ಮಾತ್ರ. ಉಳಿದವು ಕಾಡಿನ ತರಗೆಲೆಗಳ ನಡುವೆ ತಮ್ಮ ಪಾಡಿಗೆ ತಾವು ಬದುಕುತ್ತವೆ. ಮನೆಗೆ ಬರುವಂಥವು ದ್ವೇಷದಿಂದ ಬರುವುದಿಲ್ಲ. ನೀರು, ಆಹಾರದ ಚೂರು, ಕತ್ತಲೆ, ಅಡಗಲು ಒಂದು ಬಿರುಕು: ಈ ನಾಲ್ಕು ಎಲ್ಲಿವೆಯೋ ಅಲ್ಲಿಗೆ ಬರುತ್ತವೆ. ಆಹಾರವಿಲ್ಲದೆ ಕೆಲವು ವಾರ ತಾಳಬಲ್ಲ ಜಿರಳೆ ನೀರಿಲ್ಲದೆ ಅಷ್ಟು ದಿನ ತಾಳಲಾರದು; ಆದ್ದರಿಂದಲೇ ತೊಟ್ಟಿಕ್ಕುವ ನಲ್ಲಿಯ ಬಳಿ, ಒದ್ದೆ ಬಚ್ಚಲಿನ ಬಳಿ ಅದರ ನೆಲೆ. ಇದಕ್ಕೆ ಪ್ರತಿಯಾಗಿ ವಿಷವು ಮಾಡುವುದೇನು? ಓಡಾಡುವ ಜಿರಳೆಗಳನ್ನು ಕೊಲ್ಲುತ್ತದೆ. ಗಟ್ಟಿಯಾದ ಕೋಶದೊಳಗಿನ ಮೊಟ್ಟೆಗಳನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಸಣ್ಣ ಕಂದುಬಣ್ಣದ ಅಡಿಗೆಮನೆಯ ಜಿರಳೆಯ ಒಂದು ಕೋಶದಲ್ಲಿ ೩೦ರಿಂದ ೪೦ ಮೊಟ್ಟೆಗಳಿರುತ್ತವೆ. ವಿಷಕ್ಕೆ ಜಗ್ಗದ ಸಂತತಿಯೂ ಕಾಲಕ್ರಮದಲ್ಲಿ ಬೆಳೆದು ಬರುತ್ತದೆ. ಹೀಗೆ ನೀರೂ ಎಂಜಲೂ ಹಾಗೆಯೇ ಉಳಿದ ಮನೆಯಲ್ಲಿ ಹಿಂಸೆ ಪದೇಪದೇ ನಡೆಯುತ್ತದೆ, ಜಿರಳೆಯೂ ಪದೇಪದೇ ಬರುತ್ತದೆ.

ಹಿರಿಯರ ಆಚಾರಗಳನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ರಾತ್ರಿಭೋಜನ ತ್ಯಾಗವಿದ್ದ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದು, ಪಾತ್ರೆ ಬೆಳಗಿ, ಒಲೆಯ ಸುತ್ತ ಸಾರಿಸಿ, ಅಡಿಗೆಮನೆ ಒಣಗಿರುತ್ತಿತ್ತು. ಜಿರಳೆ ಹೊರಡುವ ವೇಳೆಗೆ ಅದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ. ನೀರನ್ನು ಸೋಸಿ ಮುಚ್ಚಿಡುವುದು, ಧಾನ್ಯಕ್ಕೆ ಬೇವಿನ ಎಲೆ ಬೆರೆಸಿ ಮಿತವಾಗಿ ಸಂಗ್ರಹಿಸುವುದು, ಬಳಸುವ ಮುನ್ನ ಶೋಧಿಸುವುದು, ಎಂಜಲನ್ನು ರಾತ್ರಿಯಿಡೀ ಇಡದಿರುವುದು ಇವೆಲ್ಲ ಮಡಿಯ ಆಡಂಬರಗಳಲ್ಲ. ಕೊಲ್ಲುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವ ಕರುಣೆಯ ಏರ್ಪಾಡುಗಳು. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ಹುಳುಬಿದ್ದ ಧಾನ್ಯವನ್ನು ತಂದು ಸುರಿಯಲು ‘ಜೀವಾತ್‌ಖಾನಾ’ ಎಂಬ ಕೋಣೆಯನ್ನೇ ಕಟ್ಟಿಸಿದ್ದರು. ಅಷ್ಟು ದೂರ ಹೋಗಲು ಎಲ್ಲರಿಗೂ ಸಾಧ್ಯವಾಗದಿರಬಹುದು. ನಲ್ಲಿಯ ಸೋರಿಕೆ ನಿಲ್ಲಿಸಿ ಗೋಡೆಯ ಬಿರುಕಿಗೆ ಗಾರೆ ಮೆತ್ತುವುದು, ಮೆತ್ತುವ ಮುನ್ನ ಒಳಗೆ ಯಾವ ಜೀವಿಯೂ ಇಲ್ಲವೆಂದು ನೋಡುವುದು ಎಲ್ಲರಿಗೂ ಸಾಧ್ಯ.

ಇನ್ನು ಉಪವಾಸದ ವಿಷಯ. ಪ್ರೋಷಧೋಪವಾಸ ವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಹಸಿವೆಯ ಪ್ರಸ್ತಾಪ ಒಂದರಲ್ಲಿಯೂ ಇಲ್ಲ. ಜೀವಿಗಳಿವೆಯೇ ಎಂದು ನೋಡದೆ, ಮೆಲ್ಲನೆ ಗುಡಿಸದೆ ಮಲಮೂತ್ರಗಳನ್ನು ವಿಸರ್ಜಿಸುವುದು, ಹಾಗೆಯೇ ನೋಡದೆ ವಸ್ತುಗಳನ್ನು ತೆಗೆದುಕೊಳ್ಳುವುದು, ನೋಡದೆ ಚಾಪೆ ಹಾಸುವುದು, ಅನಾದರ, ವಿಸ್ಮೃತಿ. ಐದರಲ್ಲಿ ಮೂರು ಅತಿಚಾರಗಳು ಕಾಲಬುಡದ ಕ್ಷುದ್ರಜೀವಿಗಳಿಗೆ ಸಂಬಂಧಿಸಿದವು. ಉಪವಾಸವೆಂದರೆ ಹೊಟ್ಟೆಯನ್ನು ಬರಿದು ಮಾಡುವುದಷ್ಟೇ ಅಲ್ಲ, ಆ ಒಂದು ದಿನವಾದರೂ ಮನೆಯ ನೆಲವನ್ನು ಕಣ್ಣಿಟ್ಟು ನೋಡುವುದು ಎಂಬುದು ಇದರ ತಾತ್ಪರ್ಯ. ಮುನಿಗಳು ಸದಾ ಹಿಡಿದಿರುವ ಪಿಂಛಿಯ ಕೆಲಸವನ್ನು ಗೃಹಸ್ಥನು ಪರ್ವದ ದಿನದಲ್ಲಿ ಅಭ್ಯಾಸ ಮಾಡುತ್ತಾನೆ. ಅಂತಹ ದಿನವನ್ನೇ ಆರಿಸಿ ವಿಷ ಹೊಡೆಸಿದರೆ ಆ ಉಪವಾಸದಲ್ಲಿ ಉಳಿಯುವುದು ಹಸಿವೆಯೊಂದೇ.

ಆ ಮನೆಯ ಅತ್ತೆ ವಾದ ಮಾಡುವುದಿಲ್ಲ. “ಬೇರೆ ಯಾವತ್ತಾದರೂ ನೋಡೋಣಮ್ಮ, ಇವತ್ತು ಬೇಡ” ಎಂದಷ್ಟೇ ಹೇಳಿ ಬೀಗದ ಕೈಯನ್ನು ಹಿಂದಕ್ಕೆ ತರಿಸುತ್ತಾಳೆ. ಕ್ಷಮಾವಣಿ ಮುಗಿದ ವಾರದಲ್ಲಿ ಇಬ್ಬರೂ ಸೇರಿ ಕಪಾಟಿನ ಹಳೆಯ ಕಾಗದಗಳನ್ನು ಒಂದೊಂದಾಗಿ ತೆಗೆದು, ಒದ್ದೆ ಮೂಲೆಗಳನ್ನು ಒಣಗಿಸಿ, ನಲ್ಲಿಯನ್ನು ಸರಿಪಡಿಸಿ, ರಾತ್ರಿ ಬಚ್ಚಲಿನ ಜಾಲರಿಗೆ ಮುಚ್ಚಳ ಹಾಕುವ ರೂಢಿ ಮಾಡಿಕೊಂಡರೆ ಜಿರಳೆಗಳು ಒಂದೇ ದಿನಕ್ಕೆ ಹೋಗುವುದಿಲ್ಲ, ಕ್ರಮೇಣ ವಿರಳವಾಗುತ್ತವೆ. ಅಪರೂಪಕ್ಕೆ ಒಂದು ಗೋಡೆಯ ಮೇಲೆ ಕಾಣಿಸಿಕೊಂಡಾಗ ಸೊಸೆ ಈಗಲೂ ಬೆಚ್ಚಿಬೀಳಬಹುದು. ಭಯ, ಜುಗುಪ್ಸೆಗಳು ಅನಾದಿಯಿಂದ ಅಂಟಿ ಬಂದವು; ಒಂದು ಪರ್ವದಲ್ಲಿ ಕಳಚುವಂಥವಲ್ಲ. ಆದರೆ ಅವು ಉದಯಕ್ಕೆ ಬಂದಾಗ ಕೈಗೆ ಸಿಗುವುದು ಪೊರಕೆಯೋ ಅಥವಾ ಒಂದು ಬಟ್ಟಲೂ ದಪ್ಪ ಕಾಗದವೂ ಎಂಬುದನ್ನು ತೀರ್ಮಾನಿಸುವ ಸ್ವಾತಂತ್ರ್ಯ ಆಕೆಗಿದೆ. ಬಟ್ಟಲನ್ನು ಮೇಲೆ ಕವಿಚಿ, ಕಾಗದವನ್ನು ಅಡಿಗೆ ಸರಿಸಿ, ನಡುಗುವ ಕೈಯಿಂದಲೇ ಆಕೆ ಆ ಜೀವಿಯನ್ನು ಹಿತ್ತಿಲಿಗೆ ಒಯ್ದು ಬಿಟ್ಟರೆ, ಅಂದಿನ ಪ್ರತಿಕ್ರಮಣದ ನುಡಿಗಳಲ್ಲಿ ಒಂದನ್ನಾದರೂ ಆಕೆ ಕಾಲೂರಿ ನಿಂತು ಹೇಳಬಲ್ಲಳು.