ತವರಿಗೂ ಅದೇ ಅಳತೆ

ಪರದೇಶದ ರಾಜಕೀಯವನ್ನು ಓದುವುದನ್ನೇ ವೃತ್ತಿ ಮಾಡಿಕೊಂಡ ವಿದ್ವಾಂಸರಿದ್ದಾರೆ. ಹೈದರಾಬಾದಿನಲ್ಲಿ 1964ರಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ಪ್ರಾರಂಭವಾದ ಮೇಲೆ ನಮ್ಮ ದೇಶದ ಎಷ್ಟೋ ಅಧ್ಯಾಪಕರು ಅಲ್ಲಿಯ ಪುಸ್ತಕ ಭಂಡಾರದಲ್ಲಿ ಕುಳಿತು ತಾವು ಎಂದೂ ಮತ ಹಾಕದ ನಾಡನ್ನು ಅಭ್ಯಾಸ ಮಾಡಿದರು. ಹಾಗೆಯೇ ಜೇಮ್ಸ್ ಮೇನರ್ ಎಂಬ ಪಾಶ್ಚಾತ್ಯ ವಿದ್ವಾಂಸರು 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯವನ್ನು ಕುರಿತು ಪುಸ್ತಕ ಬರೆದರು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಲ್ಲ ಆ ಮೈಸೂರಿಗೇ ಸೇರಿದ್ದವು.

ತಾನು ಬಾಳದ ಮನೆಯ ಗುಣದೋಷ ಎಣಿಸುವ ಹಕ್ಕು ಯಾರಿಗಾದರೂ ಇದೆಯೆ?

ಈ ಪ್ರಶ್ನೆ ಹೆಂಗಸರಿಗೆ ಹೊಸದೇನಲ್ಲ. ಕೊರಟಗೆರೆಯಲ್ಲಿ ಹುಟ್ಟಿ ಶಿರಾದ ಮನೆ ಸೇರಿದ ಸೊಸೆ, ಆ ಮನೆಯವರು ಅಭ್ಯಾಸಬಲದಿಂದ ಕಾಣದೆ ಹೋದದ್ದನ್ನು ಮೊದಲ ವಾರದಲ್ಲೇ ಕಾಣುತ್ತಾಳೆ. ಫ್ರಾನ್ಸಿನ ತೋಕ್ವಿಲ್ 1831ರಲ್ಲಿ ಅಮೆರಿಕಕ್ಕೆ ಹೋಗಿ ಸುಮಾರು ಒಂಬತ್ತು ತಿಂಗಳು ಸುತ್ತಿ ಬರೆದ ಗ್ರಂಥವನ್ನು ಅಮೆರಿಕನ್ನರೇ ಇಂದಿಗೂ ಓದುತ್ತಾರೆ. ಹೊರಗಿನ ಕಣ್ಣಿಗೆ ಹೀಗೆ ಒಂದು ಬೆಲೆ ಇದ್ದೇ ಇದೆ. ಆದರೆ ಸೊಸೆ ತಾನು ಆಡಿದ ಮಾತಿನ ಜೊತೆಗೇ ಆ ಮನೆಯಲ್ಲಿ ಬಾಳಬೇಕು. ವಿದ್ವಾಂಸ ಬರೆದು ಮುಗಿಸಿ ತನ್ನೂರಿಗೆ ಹೊರಟುಬಿಡುತ್ತಾನೆ. ಹಾಗಾದರೆ ಅವನ ಮಾತಿಗೆ ಹೊಣೆ ಯಾವುದು?

ನನಗೆ ತೋಚುವುದಿಷ್ಟೆ: ಅಳೆದ ಕೋಲನ್ನೇ ತವರಿಗೂ ಹಿಡಿಯಬೇಕು.

2016ರಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಪಡೆದರೂ ಸೋತರು. ಅಲ್ಲಿ ಅಧ್ಯಕ್ಷರನ್ನು ಆರಿಸುವವರು ರಾಜ್ಯವಾರು ಹಂಚಿಹೋದ 538 ಪ್ರತಿನಿಧಿಗಳು. ಅವರಲ್ಲಿ 270 ಮಂದಿಯ ಬೆಂಬಲ ಬೇಕು. 2024ರಲ್ಲಿ ಕಮಲಾ ಹ್ಯಾರಿಸ್ ಕೂಡ ಸೋತರು. ‘ನಮ್ಮಲ್ಲಿ ಇಂದಿರಾ ಗಾಂಧಿ 1966ರಲ್ಲೇ ಪ್ರಧಾನಿಯಾದರು, ಅವರಿಗಿನ್ನೂ ಒಬ್ಬ ಹೆಂಗಸು ಸಿಕ್ಕಿಲ್ಲ’ ಎಂದು ನಾವು ನಗಬಹುದು. ಆದರೆ ಅದೇ 2024ರಲ್ಲಿ ನಮ್ಮ ಲೋಕಸಭೆಯ 543 ಸ್ಥಾನಗಳಿಗೆ ಆರಿಸಿ ಬಂದ ಹೆಂಗಸರು 74 ಮಂದಿ. ಅಲ್ಲಿಯ 435 ಜನರ ಪ್ರತಿನಿಧಿ ಸಭೆಗೆ ಬಂದವರು 120ಕ್ಕೂ ಹೆಚ್ಚು. ನಗು ಅರ್ಧಕ್ಕೇ ನಿಲ್ಲುತ್ತದೆ.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೂ ‘ಅಧ್ಯಕ್ಷರು ಯಾರು?’ ಎಂದರೆ ಆಕೆಯ ಗಂಡನ ಹೆಸರು ಹೇಳುವ ಊರುಗಳಿವೆ. ಇದನ್ನು ಹೊರಗಿನವನೊಬ್ಬ ಬರೆದರೆ ನಮಗೆ ಕೋಪ ಬರುತ್ತದೆ. ಅವನು ಬರೆದದ್ದು ಸುಳ್ಳೆಂದು ಆ ಕೋಪ ಬರುವುದಿಲ್ಲ, ನಾವು ಹೇಳಬೇಕಾದದ್ದನ್ನು ಅವನು ಹೇಳಿದನೆಂದು ಬರುತ್ತದೆ.

ಪಾವಗಡದ ಹೆಣ್ಣುಮಗಳು ಗಡಿಯಾಚೆ ಆಂಧ್ರದ ನೆಂಟರ ಮನೆಗೆ ಹೋಗಿ ಬಂದು, ಅಲ್ಲಿಯ ಪಡಿತರ ಹೇಗೆ, ಬಸ್ಸು ಹೇಗೆ ಎಂದು ಹೇಳಿ, ‘ನಮ್ಮಲ್ಲಿ ಯಾಕಿಲ್ಲ?’ ಎಂದು ಕೇಳಿದರೆ ಅದೂ ರಾಜ್ಯಶಾಸ್ತ್ರವೇ. ಪರದೇಶವನ್ನು ಓದುವುದರ ಸಾರ್ಥಕತೆಯೆಲ್ಲ ಆ ಕೊನೆಯ ಪ್ರಶ್ನೆಯಲ್ಲಿದೆ. ಅದನ್ನು ಕೇಳದ ಪಾಂಡಿತ್ಯ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟು ನಿಂತಂತೆಯೇ ಸರಿ.